ತೆಂಗಿನ ಕಪ್ಪು ತಲೆ ಹುಳು: ಗರಿಯ ಅಡಿಯಲ್ಲಿ ನಡೆಯುವುದೇನು?

ದೂರದಿಂದ ನೋಡಿದರೆ ಕೆಳಗಿನ ಗರಿಗಳು ಬೆಂಕಿ ತಗುಲಿದಂತೆ ಕಾಣುತ್ತವೆ. ನೀರು ಸಾಲದೆ ಒಣಗಿದೆ ಎಂದುಕೊಂಡರೆ ತಪ್ಪು. ಗರಿ ತಿರುವಿ ನೋಡಿ: ಹಿಕ್ಕೆ ಮತ್ತು ನೂಲು ಬೆರೆತ ಕಂದು ಸುರಂಗ ಎಲೆಗೆ ಅಂಟಿಕೊಂಡಿರುತ್ತದೆ. ಒಳಗೆ ಹಸಿರು ಮೈ, ಕಂದು ಪಟ್ಟೆ, ಕಪ್ಪು ತಲೆಯ ಹುಳು. ಎಲೆಯ ಹಸಿರನ್ನಷ್ಟೇ ಕೆರೆದು ತಿನ್ನುತ್ತದೆ, ಮೇಲ್ಪೊರೆ ಉಳಿಸುತ್ತದೆ.

ಇದು ಒಪಿಸಿನಾ ಅರೆನೊಸೆಲ್ಲ, ಭಾರತ ಮತ್ತು ಶ್ರೀಲಂಕಾದ್ದೇ ಪತಂಗ. ರೆಕ್ಕೆ ಬಿಚ್ಚಿದರೂ ಎರಡು, ಎರಡೂವರೆ ಸೆಂಟಿಮೀಟರ್. ಬೂದು ಬಣ್ಣ, ಕಣ್ಣಿಗೆ ಬೀಳುವುದೇ ಅಪರೂಪ. ಮೊಟ್ಟೆ ಸುಮಾರು 5 ದಿನ, ಹುಳು 40 ದಿನ, ಕೋಶ 12 ದಿನ. ಬೇಸಿಗೆಯಲ್ಲಿ ಹಾವಳಿ ಹೆಚ್ಚು.

ಹೆಚ್ಚು ಹಾಳಾದ ಕೆಳಗಿನ ಎರಡು ಮೂರು ಗರಿ ಕಡಿದು ಸುಡಿ. ತೋಟದಲ್ಲೇ ಬಿಟ್ಟರೆ ಹುಳು ಕೋಶವಾಗಿ ಪತಂಗ ಹೊರಬರುತ್ತದೆ. ಉಳಿದದ್ದಕ್ಕೆ ಗೋನಿಯೋಜಸ್ ಎಂಬ ಪರತಂತ್ರಜೀವಿ (ಮರಿಗಳು ಹುಳುವನ್ನೇ ತಿಂದು ಬೆಳೆಯುವ ಕಣಜ) ಬಿಡಬೇಕು. ಈ ಪುಟ್ಟ ಕಣಜ ಹುಳುವಿಗೆ ಕುಟುಕಿ ನಿಶ್ಚೇಷ್ಟಗೊಳಿಸಿ, ಮೈಮೇಲೆ ಮೊಟ್ಟೆಯಿಟ್ಟು, ಕಾವಲೂ ಕೂರುತ್ತದೆ (ಕೀಟಗಳಲ್ಲಿ ಇಂಥ ತಾಯ್ತನ ಅಪರೂಪ). ಆದರೆ ಇದಕ್ಕೆ ಬೆಳೆದ ಹುಳುವೇ ಬೇಕು. ತೋಟದಲ್ಲಿ ಬರೀ ಮೊಟ್ಟೆ, ಕೋಶ ಇರುವಾಗ ಬಿಟ್ಟರೆ ದುಡ್ಡು ದಂಡ. ಕೋಶದ ಹಂತಕ್ಕೆ ಬ್ರಾಕಿಮೇರಿಯ ಎಂಬ ಬೇರೆಯೇ ಕಣಜ ಇದೆ. ಬಿಡುವ ಮುನ್ನ ಕಣಜಗಳಿಗೆ ಜೇನು ಉಣಿಸಿ. ಕೀಟನಾಶಕ ಸಿಂಪಡಿಸಿದ ತೋಟಕ್ಕೆ ಕೂಡಲೇ ಬಿಡಬೇಡಿ, ಹುಳುವಿಗಿಂತ ಮೊದಲು ಕಣಜವೇ ಸಾಯುತ್ತದೆ.