ಅಮ್ಮನ ಸೊಂಟಕ್ಕೆ ಒಪ್ಪುವ ಹಾಸಿಗೆ

ಸೊಂಟನೋವು ಇದ್ದವರು ಗಟ್ಟಿ ಹಾಸಿಗೆ ಮೇಲೇ ಮಲಗಬೇಕು. ಅಮ್ಮನಿಗೆ ಹಾಸಿಗೆ ಕೊಡಿಸಬೇಕು ಅಂದಾಗ ಜಯನಗರದ ಚಿಕ್ಕಮ್ಮನಿಂದ ಹಿಡಿದು ಎದುರುಮನೆಯವರವರೆಗೆ ಎಲ್ಲರೂ ಇದನ್ನೇ ಹೇಳಿದರು. ನಾನು ಒಪ್ಪಲಿಲ್ಲ. 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್ ದೇಶದ ಒಂದು ಅಧ್ಯಯನ ಬಂದಿತ್ತು. ಬಹಳ ಕಾಲದಿಂದ ಸೊಂಟನೋವು ಇದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಉಳಿದವರಿಗೆ ಮಧ್ಯಮ ಗಟ್ಟಿಯದು ಕೊಟ್ಟಿದ್ದರು. 90 ದಿನ ಕಳೆದಾಗ ಹೆಚ್ಚು ಆರಾಮ ಸಿಕ್ಕಿದ್ದು ಮಧ್ಯಮದವರಿಗೆ.

ಅಮ್ಮ ಮಲಗುವ ರೀತಿ ನೋಡಿದರೆ ಕಾರಣ ತಿಳಿಯುತ್ತದೆ. ಅವರಿಗೆ ಮಗ್ಗುಲಾಗಿ ಮಲಗಿದರೇನೇ ನಿದ್ದೆ. ಆಗ ಮೈಭಾರವೆಲ್ಲ ಭುಜಕ್ಕೆ, ಸೊಂಟದ ಪಕ್ಕದ ಮೂಳೆಗೆ ಬೀಳುತ್ತದೆ. ಹಾಸಿಗೆ ಅಲ್ಲಿ ಸ್ವಲ್ಪ ತಗ್ಗಬೇಕು. ತಗ್ಗದಿದ್ದರೆ ಕೈ ಜೋಮು ಹಿಡಿಯುತ್ತದೆ, ನಡುವಿಗೆ ಆಸರೆ ಸಿಗುವುದಿಲ್ಲ. ಜಾಸ್ತಿ ಮೆತ್ತಗಿದ್ದರೆ ಸೊಂಟ ಹೂತುಹೋಗಿ ಬೆನ್ನು ಬಾಗುತ್ತದೆ. ಅಂಗಾತ ಮಲಗುವ ಅಪ್ಪನಿಗೆ ಇನ್ನೊಂಚೂರು ಗಟ್ಟಿಯಿದ್ದರೂ ನಡೆಯುತ್ತದೆ.

ಅಮ್ಮನಿಗೆ ತಮ್ಮ ಹಳೇ ಬೂರುಗದ ಹತ್ತಿ ಹಾಸಿಗೆ ಮೇಲೆ ಪ್ರೀತಿ. ಅದು ಒಳ್ಳೇದೇ, ಸೆಕೆಯಾಗುವುದಿಲ್ಲ. ಆದರೆ ಆಗಾಗ ಬಿಸಿಲಿಗೆ ಹಾಕಬೇಕು. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಟೆರೇಸಿಗೆ ಬೀಗ. ಹತ್ತಿ ಗಂಟುಕಟ್ಟಿಬಿಟ್ಟಿದೆ.

ಬನಶಂಕರಿಯ ಅಂಗಡಿಯಲ್ಲಿ ಅಮ್ಮ ಅಂಚಿನಲ್ಲಿ ಕೂತು ಅಂಗೈಯಿಂದ ಒತ್ತಿ ನೋಡಿದರು. "ಮಲಗಿ ನೋಡಮ್ಮ" ಅಂದೆ. "ಎಲ್ಲರ ಮುಂದೆ ಹೆಂಗೇ ಮಲಗ್ಲಿ?" ಅಂದರು. ಅಂಗಡಿ ಹುಡುಗ ಮೂಲೆಯ ಹಾಸಿಗೆ ತೋರಿಸಿ ಆಚೆ ಹೋದ. ಮನೆಯಿಂದ ತಂದಿದ್ದ ದಿಂಬು ಕೊಟ್ಟೆ. ಸ್ವಲ್ಪ ಹೊತ್ತು ಸುಮ್ನೆ ಮಲಗಿದಾಗಲೇ ಭುಜ ಒತ್ತುತ್ತಿದೆಯೋ ಇಲ್ಲವೋ ಗೊತ್ತಾಗಿದ್ದು.

ಮೆಮೊರಿ ಫೋಮ್ ಮೊದಲ ಕ್ಷಣಕ್ಕೆ ಹಿತ ಅನಿಸಿತು. ಅದು ಮೈಶಾಖಕ್ಕೆ ಮೆತ್ತಗಾಗುತ್ತದೆ, ಚಳಿಗೆ ಬಿಗಿಯಾಗುತ್ತದೆ. ಆದರೆ ಮಗ್ಗುಲು ಬದಲಿಸುವಾಗ ಅಮ್ಮ ಕಷ್ಟಪಟ್ಟರು. ರಾತ್ರಿ ಎದ್ದು ಓಡಾಡುವವರಿಗೆ ಅಂಚು ಕುಸಿಯಬಾರದು, ಅಲ್ವಾ? ಕೊನೆಗೆ ಕೆಳಗೆ ತೆಂಗಿನ ನಾರು, ಮೇಲೆ ಲ್ಯಾಟೆಕ್ಸ್ ಪದರ ಇರುವುದು ಅವರಿಗೆ ಒಪ್ಪಿತು. ಲ್ಯಾಟೆಕ್ಸ್ ರಬ್ಬರ್ ಮರದ ಹಾಲಿನಿಂದ ಆಗುವಂಥದ್ದು. ಒತ್ತಿದ ಕೂಡಲೇ ಪುಟಿದು ಮೇಲೆ ಬರುತ್ತದೆ, ಹೊರಳುವುದು ಸಲೀಸು.

ದಪ್ಪ 6 ಇಂಚು ಸಾಕು ಅಂದೆ. 10 ಇಂಚಿನದ್ದನ್ನು ನಮ್ಮ ಎತ್ತರದ ಮಂಚಕ್ಕೆ ಹಾಕಿದರೆ ಅಮ್ಮನ ಕಾಲು ನೆಲಕ್ಕೆ ಎಟುಕುವುದಿಲ್ಲ. ಮಂಚ ಬಡಗಿ ಮಾಡಿದ್ದು, ಉದ್ದ 74 ಇಂಚು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದು 72, 75, 78. ಅಳತೆ ಕೊಟ್ಟರೆ ಮಾಡಿಸಿಕೊಡುತ್ತಾರೆ, ಆದರೆ ಅಂಥದ್ದನ್ನು ಸಾಮಾನ್ಯವಾಗಿ ವಾಪಸ್ ತಗೊಳ್ಳುವುದಿಲ್ಲ. ದುಡ್ಡು ಕೊಡುವ ಮುಂಚೆ ಇದೊಂದನ್ನು ಕೇಳಿಕೊಳ್ಳಿ.