ಬೆಚ್ಚಿಬೀಳಿಸದೆ ಹೆದರಿಸುವ ಸಿನಿಮಾಗಳು

ಹಾರರ್ ಅಂದ ಕೂಡಲೇ ಕತ್ತಲಿನಿಂದ ಗಕ್ಕನೆ ಎದುರಾಗುವ ಮುಖ, ಅದರ ಜೊತೆಗೆ ಕಿವಿಗಡಚಿಕ್ಕುವ ಸದ್ದು ನೆನಪಾಗುತ್ತದೆ. ಆಗ ಬೆಚ್ಚುವುದು ಮೈ, ಮನಸ್ಸಲ್ಲ. ಕ್ಷಣದಲ್ಲಿ ಶುರುವಾಗಿ ಕ್ಷಣದಲ್ಲಿ ಮುಗಿಯುವ ಈ ಪ್ರತಿಕ್ರಿಯೆ ನಾಲ್ಕೈದು ಸಲ ಮರುಕಳಿಸಿದರೆ ಮೈ ಒಗ್ಗಿಕೊಂಡುಬಿಡುತ್ತದೆ. ಅದರಲ್ಲೊಂದು ನೆಮ್ಮದಿಯೂ ಇದೆ: ಬಂದದ್ದು ಬಂದಾಯಿತು, ಇನ್ನು ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ವಾತಾವರಣದಿಂದಲೇ ಹೆದರಿಸುವ ಸೈಕಲಾಜಿಕಲ್ ಹಾರರ್ ಈ ನೆಮ್ಮದಿಯನ್ನೇ ಕೊಡುವುದಿಲ್ಲ, ಜನ ಅದಕ್ಕೆ ಅಂಟಿಕೊಳ್ಳುವುದೂ ಇದೇ ಕಾರಣಕ್ಕೆ. ಕಣ್ಣು, ಕಿವಿ ಎರಡಕ್ಕೂ ಅದು ಕೆಲಸ ಹಚ್ಚುತ್ತದೆ. ಫ್ರೇಮಿನ ಯಾವ ಮೂಲೆ ನೋಡಬೇಕು? ಆ ಸದ್ದು ಎಲ್ಲಿಂದ ಬಂತು? ಈಗ ಕಂಡದ್ದು ಕೋಣೆಯೊಳಗಿದೆಯೋ, ಪಾತ್ರದ ತಲೆಯೊಳಗಿದೆಯೋ?

ಕಿಯೋಶಿ ಕುರೊಸಾವಾ ಅವರ ‘ಕೈರೊ’ (2001) ಸಿನಿಮಾದಲ್ಲಿ ಕೋಣೆಯ ಆ ತುದಿಯಿಂದ ಒಬ್ಬ ಹೆಂಗಸು ನಿಧಾನವಾಗಿ ನಡೆದು ಬರುತ್ತಾಳೆ. ನಡುವೆ ಕಾಲು ತಪ್ಪಿದಂತೆ ವಿಚಿತ್ರವಾಗಿ ಕುಸಿದು, ಸಾವರಿಸಿಕೊಂಡು, ಮತ್ತೆ ಮುಂದುವರಿಯುತ್ತಾಳೆ. ಕಿರುಚಾಟವಿಲ್ಲ, ಓಟವಿಲ್ಲ. ಆದರೂ ಅದನ್ನು ನೋಡಿ ಮುಗಿಸುವುದು ಕಷ್ಟ. ಕಟ್ ಮಾಡುವುದೆಂದರೆ ನಿರ್ದೇಶಕ ನಮ್ಮ ಪರವಾಗಿ ಕಣ್ಣು ಮಿಟುಕಿಸಿದಂತೆ. ಇಲ್ಲಿ ಆ ಉಪಕಾರ ಸಿಗುವುದಿಲ್ಲ. ರಾಬರ್ಟ್ ವೈಸ್ ಅವರ ‘ದಿ ಹಾಂಟಿಂಗ್’ (1963) ಇನ್ನೂ ಜಿಪುಣ. ಕೊನೆಯವರೆಗೂ ದೆವ್ವವನ್ನೇ ತೋರಿಸುವುದಿಲ್ಲ. ಒಂದು ಬಾಗಿಲು ಒಳಮುಖವಾಗಿ ಉಬ್ಬುತ್ತದೆ, ಅಷ್ಟೇ. ಈ ಸಿನಿಮಾಕ್ಕೆ ಬಳಸಿದ 30 ಮಿಮೀ ಪ್ಯಾನಾವಿಷನ್ ಲೆನ್ಸ್ ಇನ್ನೂ ಪೂರ್ತಿ ಸಿದ್ಧವಾಗಿರಲಿಲ್ಲ, ಗೆರೆಗಳನ್ನು ಬಾಗಿಸಿ ತೋರಿಸುತ್ತಿತ್ತು. ಆ ದೋಷ ಗೊತ್ತಿದ್ದೇ ತೆಗೆದುಕೊಳ್ಳುತ್ತಿದ್ದೇನೆಂದು ವೈಸ್ ಬರೆದುಕೊಟ್ಟು ಲೆನ್ಸ್ ಪಡೆದರು. ಮನೆಯೇ ಸರಿಯಿಲ್ಲ ಎಂಬ ಭಾವ ಬರಬೇಕಿದ್ದರೆ ಗೋಡೆಗಳು ನೆಟ್ಟಗೆ ಕಾಣಬಾರದು ತಾನೇ.

ಫ್ರೇಮಿನ ಆಕಾರವೂ ಇಲ್ಲಿ ಅಲಂಕಾರವಲ್ಲ. ‘ದಿ ಇನ್ನೊಸೆಂಟ್ಸ್’ (1961) ಸಿನಿಮಾಸ್ಕೋಪಿನಲ್ಲೇ ಆಗಬೇಕೆಂದು ಸ್ಟುಡಿಯೊ ಪಟ್ಟು ಹಿಡಿದಾಗ, ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಫಿಲ್ಟರಿನ ಅಂಚುಗಳಿಗೆ ಕೈಯಾರೆ ಬಣ್ಣ ಬಳಿದು ಅಗಲ ಚಿತ್ರದ ಎರಡೂ ಬದಿಯನ್ನು ಕತ್ತಲಾಗಿಸಿದರು. ನಾಯಕಿಯ ಅಕ್ಕಪಕ್ಕ ಎಷ್ಟೋ ಜಾಗವಿದೆ, ಆದರೆ ಅಲ್ಲೇನಿದೆಯೋ ಕಾಣುವುದಿಲ್ಲ. ‘ದಿ ಲೈಟ್‌ಹೌಸ್’ (2019) ಹಿಡಿದದ್ದು ತದ್ವಿರುದ್ಧ ದಾರಿ. 1.19:1 ಎಂಬ, ಹೆಚ್ಚುಕಡಿಮೆ ಚೌಕವಾದ ಫ್ರೇಮ್. ಇಬ್ಬರು ಗಂಡಸರನ್ನು ಅದರೊಳಗೆ ತುರುಕಿದರೆ ಉಸಿರಾಡಲೂ ಜಾಗವಿಲ್ಲ. ಕಪ್ಪು-ಬಿಳುಪು ಡಬಲ್-ಎಕ್ಸ್ ಫಿಲ್ಮ್ ಬಳಸಿ, ಕೆಂಪು ಬೆಳಕನ್ನು ತಡೆಯುವ ಫಿಲ್ಟರ್ ಹಾಕಿದ್ದರಿಂದ ಚರ್ಮದ ಪ್ರತಿ ಕಲೆ, ಪ್ರತಿ ಬಿರುಕು ಕಪ್ಪಾಗಿ ಎದ್ದುಬಂದಿದೆ. ತಮಾಷೆಯೆಂದರೆ, ಅಷ್ಟು ಕತ್ತಲು ಕಾಣುವ ಸಿನಿಮಾಕ್ಕೆ ಸೆಟ್ಟಿನಲ್ಲಿ ಕಣ್ಣು ಕುಕ್ಕುವಷ್ಟು ದೀಪ ಬೇಕಾಯಿತು. ಆ ಫಿಲ್ಮಿನ ಸಂವೇದನೆ ಕಡಿಮೆ, ಫಿಲ್ಟರ್ ಅದನ್ನು ಇನ್ನೂ ಇಳಿಸುತ್ತದೆ.

ಸದ್ದಿನದು ಇನ್ನೂ ದೊಡ್ಡ ಪಾಲು. ಮನುಷ್ಯರ ಕಿವಿಗೆ ಸುಮಾರು 20 ಹರ್ಟ್ಸ್‌ಗಿಂತ (ಅಂದರೆ ಸೆಕೆಂಡಿಗೆ 20 ಕಂಪನಕ್ಕಿಂತ) ಕೆಳಗಿನ ಸದ್ದು ಸ್ವರವಾಗಿ ಕೇಳಿಸುವುದಿಲ್ಲ. ಅದಕ್ಕಿಂತ ತುಸು ಮೇಲಿನ ಗುಂಯ್‌ಗುಡುವಿಕೆ ಸ್ವರವಾಗಿ ಗೊತ್ತಾಗುವ ಮೊದಲೇ ಎದೆಯ ಮೇಲೆ ಒತ್ತಡವಾಗಿ ಗೊತ್ತಾಗುತ್ತದೆ. ಆದರೆ ಈ ಗುಂಯ್‌ ಅನ್ನು ಎರಡು ಗಂಟೆ ಒಂದೇ ಸಮ ಓಡಿಸಿದರೆ ಕಿವಿ ಅದನ್ನು ಫ್ಯಾನಿನ ಸದ್ದಿನಂತೆ ಬದಿಗೆ ಸರಿಸುತ್ತದೆ. ಈಚಿನ ಎಷ್ಟೋ ಸಿನಿಮಾಗಳು ಸೋಲುವುದು ಇಲ್ಲೇ. ಬಲ್ಲವರು ಅದನ್ನು ಕೇಳಿಯೂ ಕೇಳದಂತೆ ಏರಿಸುತ್ತಾ ಹೋಗಿ, ಫಕ್ಕನೆ ನಿಲ್ಲಿಸುತ್ತಾರೆ. ಹೆದರಿಕೆ ಹುಟ್ಟುವುದು ಆ ನಿಂತ ಜಾಗದಲ್ಲಿ.

ನಿಧಾನವೇ ಭಯವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಉತ್ತರ ಸಿಗದ ಪ್ರಶ್ನೆಯೊಂದು ದೃಶ್ಯದಲ್ಲಿದ್ದರೆ ಮಾತ್ರ ಉದ್ದ ಟೇಕಿಗೆ ಬೆಲೆ. ಖಾಲಿ ಕಾರಿಡಾರಿನತ್ತ ಕ್ಯಾಮೆರಾ ತೆವಳಿದರೆ ಸಾಲದು. ಅಲ್ಲಿ ಏನೋ ಇರಬಹುದೆಂಬ ಅನುಮಾನವನ್ನು ಮೊದಲೇ ಬಿತ್ತಿರಬೇಕು. ಇನ್ನೊಂದು ರೋಗ ವಿವರಣೆಯದು. ಕೊನೆಯ ಹತ್ತು ನಿಮಿಷದಲ್ಲಿ ಯಾರೋ ಕೂತು ಶಾಪದ ಇತಿಹಾಸ ಒಪ್ಪಿಸುವುದು, ಅಥವಾ ‘ಈ ಪಿಶಾಚಿ ನಿನ್ನ ದುಃಖವೇ’ ಎಂದು ಪಾತ್ರದ ಬಾಯಲ್ಲೇ ಹೇಳಿಸುವುದು. ನೋಡುಗ ತಾನೇ ಕಟ್ಟಿಕೊಂಡದ್ದನ್ನು ಕಿತ್ತುಕೊಂಡು ಕಡಿಮೆ ದರ್ಜೆಯ ಮಾಲು ಕೊಟ್ಟಂತಾಗುತ್ತದೆ.

ಇಷ್ಟೆಲ್ಲ ಕುಸುರಿ ಮನೆಯ ಟಿವಿಯಲ್ಲಿ ಹಾಳಾಗುವುದು ತೀರಾ ಸುಲಭ. ‘ಹೆರೆಡಿಟರಿ’ (2018) ಸಿನಿಮಾದ ಕೊನೆಯ ಭಾಗದಲ್ಲಿ ಕತ್ತಲ ಮಲಗುವ ಕೋಣೆಯ ಮೇಲಿನ ಮೂಲೆಯಲ್ಲಿ ಏನೋ ಇದೆ. ಏನೆಂದು ಹೇಳುವುದಿಲ್ಲ. ಸಂಗೀತ ಅತ್ತ ಬೆರಳು ತೋರುವುದಿಲ್ಲ. ಗೋಡೆಯ ಕಪ್ಪಿಗೂ ಅದರ ಕಪ್ಪಿಗೂ ಕೂದಲೆಳೆಯ ವ್ಯತ್ಯಾಸ. ಟಿವಿ ಕಪ್ಪನ್ನೆಲ್ಲ ಒಂದೇ ಮಾಡಿದರೆ ಆ ದೃಶ್ಯವೇ ಇಲ್ಲ.

ಹಾಗಾಗಿ ಮೊದಲು ಪಿಕ್ಚರ್ ಮೋಡ್ ಅನ್ನು ‘ಫಿಲ್ಮ್‌ಮೇಕರ್’ ಅಥವಾ ‘ಸಿನಿಮಾ’ಕ್ಕೆ ತನ್ನಿ. ಎನರ್ಜಿ ಸೇವಿಂಗ್, ಡೈನಾಮಿಕ್ ಕಾಂಟ್ರಾಸ್ಟ್, ಮೋಷನ್ ಸ್ಮೂತಿಂಗ್ ಮೂರನ್ನೂ ಆಫ್ ಮಾಡಿ; ಕೊನೆಯದು ಸೆಕೆಂಡಿಗೆ 24 ಫ್ರೇಮಿನ ಚಲನೆಯ ನಡುವೆ ಇಲ್ಲದ ಫ್ರೇಮುಗಳನ್ನು ತುಂಬಿ ಎಲ್ಲವನ್ನೂ ಧಾರಾವಾಹಿಯಂತೆ ನುಣುಪಾಗಿಸುತ್ತದೆ. ಆಮೇಲೆ ಕಪ್ಪಿನ ಮಟ್ಟ. 8 ಬಿಟ್ ವಿಡಿಯೊದಲ್ಲಿ ಹೊಳಪನ್ನು 0ಯಿಂದ 255ರವರೆಗಿನ ಅಂಕಿಗಳಲ್ಲಿ ಬರೆಯುತ್ತಾರೆ; ಸಿನಿಮಾಗಳಲ್ಲಿ ಸಾಮಾನ್ಯವಾಗಿ ಕಪ್ಪು 16ಕ್ಕೆ, ಬಿಳುಪು 235ಕ್ಕೆ ನಿಲ್ಲುತ್ತದೆ, ಇದೇ ‘ಲಿಮಿಟೆಡ್’. ಪ್ಲೇಯರ್ 0–255 ಕಳಿಸುತ್ತಾ ಟಿವಿ ‘ಲಿಮಿಟೆಡ್’ನಲ್ಲಿದ್ದರೆ ನೆರಳಿನ ವಿವರ ಮುಳುಗುತ್ತದೆ, ತಿರುಗುಮುರುಗಾದರೆ ಕಪ್ಪು ಬೂದಿಯಾಗುತ್ತದೆ. ಎರಡೂ ಕಡೆ ಒಂದೇ ಆಯ್ಕೆ ಇರಲಿ. ಸ್ಟ್ರೀಮಿಂಗ್‌ನಲ್ಲಿ ಕತ್ತಲ ಗೋಡೆಯ ಮೇಲೆ ಪಟ್ಟೆ ಪಟ್ಟೆಯಾಗಿ ಕಂಡರೆ ಅದು ಟಿವಿಯ ತಪ್ಪಲ್ಲದೇ ಇರಬಹುದು. ಡೇಟಾ ಉಳಿಸಲು ಮೊದಲು ಹಿಂಡುವುದೇ ನೆರಳನ್ನು. ಒಂದು ಗಂಟೆಗಿಂತ ಹೆಚ್ಚು ಕತ್ತಲಲ್ಲೇ ನಡೆಯುವ ಸಿನಿಮಾಕ್ಕೆ ಬ್ಲೂ-ರೇ ಸಿಕ್ಕರೆ ಅದನ್ನೇ ಹಾಕಿ.

ತೆಳು ಟಿವಿಯ ಒಳಗಿನ ಸ್ಪೀಕರುಗಳಿಗೆ ಆಳದ ಸದ್ದು ಹೊರಡಿಸುವ ಶಕ್ತಿ ಇರುವುದಿಲ್ಲ. ಸಬ್‌ವೂಫರ್ ಇಲ್ಲದಿದ್ದರೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ವಾಸಿ. ‘ನೈಟ್ ಮೋಡ್’ ಬೇಡವೇ ಬೇಡ. ಪಿಸುಮಾತನ್ನು ಎತ್ತಿ, ಅಬ್ಬರವನ್ನು ತಗ್ಗಿಸಿ, ಮೌನವನ್ನೇ ಇಲ್ಲವಾಗಿಸುತ್ತದೆ. ಸಬ್‌ಟೈಟಲ್ ಬೇಕಿದ್ದರೆ ಮಾತಿನದು ಮಾತ್ರ ಆರಿಸಿ. ಶ್ರವಣದೋಷ ಇರುವವರಿಗಾಗಿ ಮಾಡಿದ ಸಬ್‌ಟೈಟಲಿನಲ್ಲಿ ಸದ್ದಿನ ವಿವರಣೆಯೂ ಇರುತ್ತದೆ. ಅದರ ಅಗತ್ಯವಿರುವವರಿಗೆ ಅದು ಬೇಕೇ ಬೇಕು. ಆದರೆ ಕೇಳಿಸುವವರು ಅದನ್ನು ಹಾಕಿಕೊಂಡರೆ, ಮಹಡಿ ಮೇಲೆ ಹೆಜ್ಜೆ ಸಪ್ಪಳ ಎಂಬ ಸಾಲು ಕೆಲವೊಮ್ಮೆ ಸಪ್ಪಳಕ್ಕಿಂತ ಅರೆಕ್ಷಣ ಮೊದಲೇ ಪರದೆಗೆ ಬಂದು ಕೂತಿರುತ್ತದೆ.