ಬ್ಲೂಸ್‌ನ ಮೂರನೆಯ ಸಾಲು

ಹೈಸ್ಕೂಲು ಮತ್ತು ಪಿಯುಸಿ ಮಕ್ಕಳಿಗೆ ಬ್ಲೂಸ್ ಎಂಬ ಅಮೆರಿಕದ ಶೈಲಿಯ ಹಾಡು ಬರೆಯಲು ಕಲಿಸುವಾಗ ನಾನು ಗಿಟಾರನ್ನು ಪಕ್ಕಕ್ಕಿಟ್ಟು, ಮೊದಲು ಅವರ ಒಂದು ಕೊರಗನ್ನು ಕೇಳುತ್ತೇನೆ. ಅದು ಕಣ್ಣಿಗೆ ಕಾಣುವ ಯಾವುದಾದರೂ ಸಂಗತಿಯ ಕುರಿತಾಗಿರಬೇಕು. ‘ಬದುಕೇ ಬೇಸರ’ ಎಂದು ಶುರುವಾದ ಹಾಡು ಅಲ್ಲಿಯೇ ನಿಂತುಬಿಡುತ್ತದೆ, ಮೆಜೆಸ್ಟಿಕ್ಕಿನಲ್ಲಿ ಕಣ್ಣೆದುರೇ ಹೊರಟುಹೋದ ಕೊನೆಯ ಬಸ್ಸಿನಿಂದ ಶುರುವಾದದ್ದು ಮುಂದುವರಿಯುತ್ತದೆ.

ಈ ಹಟಕ್ಕೆ ಕಾರಣ ಬ್ಲೂಸ್‌ನ ಚರಿತ್ರೆಯಲ್ಲಿದೆ. ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾದ ಮೇಲೂ, ದಕ್ಷಿಣದ ರಾಜ್ಯಗಳ ಹತ್ತಿಹೊಲಗಳಲ್ಲಿ ಪಾಲಿಗೆ ಬೇಸಾಯ ಮಾಡುತ್ತ ಸಾಲದಲ್ಲಿ ಸಿಕ್ಕಿಕೊಂಡಿದ್ದ ಕಪ್ಪು ಜನರ ನಡುವೆ ಈ ಹಾಡುಗಾರಿಕೆ ಬೆಳೆಯಿತು. ಅದನ್ನು ಹೇಳದೆ ಬರಿಯ ಧಾಟಿಯನ್ನು ಎತ್ತಿಕೊಳ್ಳುವುದು ಅನ್ಯಾಯವೆಂದು ನಾನು ನಂಬಿದ್ದೇನೆ. ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ 1927ರ ಫೆಬ್ರವರಿಯಲ್ಲಿ ಧ್ವನಿಮುದ್ರಿಸಿದ ‘ಬ್ಯಾಕ್‌ವಾಟರ್ ಬ್ಲೂಸ್’ ಅನ್ನು ತರಗತಿಯಲ್ಲಿ ಕೇಳಿಸುತ್ತೇನೆ. ನೆರೆಯಿಂದ ದೋಣಿಯಲ್ಲಿ ಪಾರಾದ ಹೆಂಗಸೊಬ್ಬಳು ಗುಡ್ಡದ ಮೇಲೆ ನಿಂತು ತಾನಿದ್ದ ಮನೆಯನ್ನು ನೋಡುವ ಹಾಡು ಅದು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಮುತ್ತ ನೀರು ನುಗ್ಗಿದ್ದನ್ನು ಕಂಡ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗುವುದಿಲ್ಲ.

ಆಮೇಲೆ ಹಾಡಿನ ರಚನೆಯ ವಿಚಾರ. ಪ್ರಚಲಿತವಾದ ರೂಪದಲ್ಲಿ ಒಂದು ಪದ್ಯಕ್ಕೆ ಹನ್ನೆರಡು ಬಾರ್ (ನಾಲ್ಕು ಎಣಿಕೆಯ ತಾಳದ ಆವರ್ತ), ಮೂರು ಸಾಲು, ಪ್ರತಿ ಸಾಲಿಗೆ ನಾಲ್ಕು ಬಾರ್. ಎರಡನೆಯ ಸಾಲು ಮೊದಲನೆಯದರ ಪುನರಾವರ್ತನೆ. ಬರೆಯಲಾರದ ಸೋಮಾರಿತನವೆಂದು ಇದನ್ನು ಮೊದಲಿಗೆ ತಳ್ಳಿಹಾಕುವ ವಿದ್ಯಾರ್ಥಿಗಳಿದ್ದಾರೆ, ಆದರೆ ಗಿಟಾರಿನ ಎ ಕಾರ್ಡಿನಲ್ಲಿ (ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಾಡಿದ ಮಾತನ್ನೇ ಡಿ ಕಾರ್ಡಿನ ಮೇಲೆ ಮತ್ತೊಮ್ಮೆ ಹಾಡಿದಾಗ ಅದರ ಭಾರ ಬದಲಾಗುವುದನ್ನು ಅವರ ಕಿವಿಯೇ ಒಪ್ಪಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಕೇಳುಗನು ಮೂರನೆಯ ಸಾಲಿಗಾಗಿ ಕಾಯತೊಡಗುತ್ತಾನೆ, ಹಾಡುವವನಿಗೂ ಅದನ್ನು ಹುಡುಕಿಕೊಳ್ಳಲು ಸಮಯ ಸಿಗುತ್ತದೆ. ನಮ್ಮ ಜನಪದ ತ್ರಿಪದಿಯನ್ನು ಹಾಡುವಾಗಲೂ ಎರಡನೆಯ ಸಾಲಿನ ಭಾಗವನ್ನು ಮರಳಿಸುವ ರೂಢಿಯಿದೆಯಾದ್ದರಿಂದ, ಬೀಸುವ ಪದ ಕೇಳಿ ಬೆಳೆದವರಿಗೆ ಈ ಕಾಯುವಿಕೆ ಹೊಸದೇನಲ್ಲ.

ಕನ್ನಡದಲ್ಲಿ ಬರೆಯುವಾಗ ನಿಜವಾದ ತೊಡಕು ಪ್ರಾಸದ್ದು. ನಮ್ಮ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುವುದರಿಂದ ‘ಬರಲಿಲ್ಲ’, ‘ಸಿಗಲಿಲ್ಲ’ ಎಂಬ ಅಂತ್ಯಪ್ರಾಸ ವ್ಯಾಕರಣದಿಂದಲೇ ಪುಕ್ಕಟೆಯಾಗಿ ದೊರೆಯುತ್ತದೆ, ಆದ್ದರಿಂದಲೇ ಅದರಲ್ಲಿ ಬಿಗಿ ಇರುವುದಿಲ್ಲ. ಹೀಗಾಗಿ ಸಾಲಿನ ಮೊದಲ ಪದಗಳ ಎರಡನೆಯ ಅಕ್ಷರವನ್ನು ಹೊಂದಿಸುವ ಆದಿಪ್ರಾಸವನ್ನೂ ಪ್ರಯತ್ನಿಸಲು ಹೇಳುತ್ತೇನೆ. ಕೊಳವೆಬಾವಿಗಳು ಬತ್ತಿದ್ದ 2024ರ ಬೇಸಿಗೆಯನ್ನು ನೆನೆದು ತರಗತಿಯಲ್ಲಿ ಎಲ್ಲರೂ ಸೇರಿ ಕಟ್ಟಿದ ಪದ್ಯ ಹೀಗಿದೆ:

ನಲ್ಲಿ ತಿರುವಿ ಕೂತಿದ್ದೀನಿ, ಅಮ್ಮಾ, ನೀರಿಲ್ಲ
ನಲ್ಲಿ ತಿರುವಿ ಕೂತಿದ್ದೀನಿ, ಅಮ್ಮಾ, ನೀರಿಲ್ಲ
ಗಲ್ಲಿ ತುದೀಲಿ ಟ್ಯಾಂಕರ್ ಸದ್ದು, ಈ ಕಡೆ ತಿರುಗಲ್ಲ

ಮೊದಲ ಕರಡಿನ ಮೂರನೆಯ ಸಾಲಿನಲ್ಲಿ ‘ನಮ್ಮ ಕಷ್ಟ ಕೇಳೋರಿಲ್ಲ’ ಎಂದಿತ್ತು. ಟ್ಯಾಂಕರಿನ ಸದ್ದು ಬಂದ ಮೇಲೆ ಆ ಮಾತನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಉಳಿಯಲಿಲ್ಲ.

ಪ್ರತಿ ಸಾಲಿನಲ್ಲಿ ದನಿ ಸುಮಾರು ಎರಡು ಬಾರ್ ತುಂಬುತ್ತದೆ, ಉಳಿದದ್ದು ವಾದ್ಯದ ಉತ್ತರಕ್ಕೆ ಮೀಸಲು. ಕರ್ನಾಟಕ ಸಂಗೀತ ಕಲಿತ ಮಕ್ಕಳು ಈ ಜಾಗವನ್ನೂ ಸ್ವರಗಳಿಂದ ತುಂಬಲು ಹೊರಡುತ್ತಾರೆ, ಅವರನ್ನು ತಡೆಯುವುದು ಕಷ್ಟ. ಆದರೆ ಗ ಸ್ವರದ ಎರಡು ರೂಪಗಳಾದ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ತೂಗುವ ಬ್ಲೂಸ್‌ನ ಗಾಂಧಾರವನ್ನು ಎಲ್ಲರಿಗಿಂತ ಬೇಗ ಹಿಡಿಯುವವರೂ ಅವರೇ, ಅದನ್ನು ಕೇಳುವಾಗ ನನಗೆ ತುಂಬ ಸಂತೋಷವಾಗುತ್ತದೆ.

ಬರೆದವರೇ ತಮ್ಮ ಹಾಡನ್ನು ಹಾಡಬೇಕೆಂಬುದು ನಮ್ಮ ತರಗತಿಯ ನಿಯಮ. ಮನೆಯ ಕಷ್ಟವನ್ನು ಬರೆದು, ಅದನ್ನು ಇತರರ ಮುಂದೆ ಹಾಡಲು ಮನಸ್ಸಿಲ್ಲದವರಿಗೆ ಮಾತ್ರ ಆ ನಿಯಮ ಅನ್ವಯಿಸುವುದಿಲ್ಲ. ಅವರು ಇನ್ನೊಂದು ಹಾಡನ್ನು, ಬೇಕಾದರೆ ಬಸ್ಸಿನ ಕುರಿತೇ, ಬರೆಯಬಹುದು.